ನೀರು ಬಿಡುವ ಹೊತ್ತು

"ಮೇಡಮ್ಮರ, ಚಹಾ ಸುಡ್ತೈತ್ರಿ!"

ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ನಾನು ಅರ್ಧ ಲೋಟ ಕುಡಿದಾಗಿತ್ತು. ನಾಲಿಗೆ ಸುಟ್ಟಿದ್ದು ನನಗೆ ಗೊತ್ತಾಗಿದ್ದು ಮರುದಿನ ಹಲ್ಲುಜ್ಜುವಾಗ. ಎದುರಿಗೆ ನಿಂತವನು ಮಾತ್ರ ತಾನೇ ಸುಟ್ಟುಕೊಂಡವನಂತೆ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ.

"ಉರಿಯಂಗಿಲ್ಲೇನ್ರಿ ನಿಮಗ?"

"ಇಲ್ಲ."

"ನಮ್ಮ ಬಾಯ್ಲರ್ ಪೈಪು ಇಷ್ಟು ಗಟ್ಟಿ ಇದ್ದಿದ್ರ ಭಾಳ ಛಲೋ ಆಗ್ತಿತ್ತು ನೋಡ್ರಿ."

ಮಿಲ್ಲಿನ ಚೀಲಗಳ ಜೊತೆಗೆ ಚಹಾವನ್ನೂ ನೋಡಿಕೊಳ್ಳುವ ಹಂಪವ್ವ ಕಿಟ್ಲಿ ಹಿಡಿದೇ ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ. ಸೊಕ್ಕಿನಿಂದಲ್ಲ, ನಗು ಬರುತ್ತಿರಲಿಲ್ಲ ಅಷ್ಟೇ.

ಅವನು ಹಾಲೇಶ. ಗಂಗಾವತಿಯ ವಿರುಪಣ್ಣ ಸಾವುಕಾರರ ರೈಸ್ ಮಿಲ್ಲಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಊರು ಹನುಮಸಾಗರ, ಓದಿದ್ದು ಡಿಪ್ಲೊಮಾ, ಮಾತಿನಲ್ಲಿ ಮಾತ್ರ ಡಾಕ್ಟರೇಟು. ನಾನು ಅಮೃತಾ, ಕೊಪ್ಪಳದ ಒಂದು ಸಣ್ಣ ಟ್ರೇನಿಂಗ್ ಕಂಪನಿಯವಳು. ನನ್ನನ್ನು ಆ ಮಿಲ್ಲಿಗೆ ಕರೆಸಿದ್ದಕ್ಕೆ ಕಾರಣ ಇಬ್ರಾಹಿಂಸಾಬರು. ಮೂವತ್ತು ವರ್ಷ ಅಲ್ಲಿ ಮೇಸ್ತ್ರಿಯಾಗಿದ್ದ ಅವರು ಕೆಲಸ ಬಿಟ್ಟು ಮಗಳ ಊರಿಗೆ ಹೋದ ವಾರವೇ ಭತ್ತ ಒಣಗಿಸುವ ಡ್ರೈಯರ್ ನಿಂತುಬಿಟ್ಟಿತಂತೆ. ಎಲ್ಲರೂ ಹೆಣದ ಸುತ್ತ ನಿಂತವರಂತೆ ಅದರ ಸುತ್ತ ನಿಂತರಂತೆ. ಕಡೆಗೆ ಸಾಬರೇ ಫೋನಿನಲ್ಲಿ ಯಾವ ವಾಲ್ವು ಎಷ್ಟು ತಿರುಗಿಸಬೇಕೆಂದು ಹೇಳಿದ ಮೇಲೆ ಅದು ಮತ್ತೆ ಓಡಿತು.

"ನನ್ನ ಮಿಲ್ಲು ಮಂದಿ ತಲ್ಯಾಗ ಐತಿ ತಂಗಿ" ಎಂದಿದ್ದರು ವಿರುಪಣ್ಣ. "ತಲಿ ಹ್ವಾದ್ರ ಮಿಲ್ಲೂ ಹ್ವಾದಂಗ. ಅದನ್ನ ಹೊರಗ ತಗದು ಇಡು. ಅಷ್ಟಾದ್ರ ನಿನ್ನ ಕೆಲಸ ಮುಗೀತು."

ನಮ್ಮ ಕಂಪನಿಯವರು ಇದಕ್ಕೆ ನಾಲೆಜ್ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ನಾನು ಕಲಿತಂತೆಯೇ ಶುರು ಮಾಡಿದೆ. ಆಫೀಸಿನಲ್ಲಿ ಕಂಪ್ಯೂಟರ್ ಇಟ್ಟೆ, ಫೋಲ್ಡರ್ ಮಾಡಿದೆ, ಫಾರ್ಮ್ ಹಂಚಿದೆ. ಫಾರ್ಮುಗಳೆಲ್ಲ ತುಂಬಿ ಬಂದವು. ಎಲ್ಲದರಲ್ಲೂ ಒಂದೇ ಉತ್ತರ: ಎಲ್ಲಾ ಬರೋಬರಿ ಐತಿ.

ಭತ್ತ ನೆನೆಸುವ ಟ್ಯಾಂಕು ನೋಡಿಕೊಳ್ಳುವ ಬಾಲಪ್ಪ ಮಾತ್ರ ನಿಜ ಹೇಳಿದ. "ನಾ ತಿಳಕೊಂಡಿದ್ದೆಲ್ಲಾ ನಿಮ್ಮ ಪೆಟ್ಟಿಗ್ಯಾಗ ಹಾಕಿದ್ರ, ನಾಳೆ ಪೆಟ್ಟಿಗಿ ಇಟ್ಕೊಂಡು ನನ್ನ ಮನಿಗೆ ಕಳಸ್ತಾರ. ನನಗೇನು ಹುಚ್ಚು ಹಿಡದೈತೇನ್ರಿ?"

ಹುಚ್ಚು ಅವನಿಗಲ್ಲ, ನನಗೆ ಅಂತ ತಿಳಿಯಿತು.

"ಇವರು ಬರೆಯಂಗಿಲ್ರಿ, ಮಾತಾಡ್ತಾರ" ಎಂದ ಹಾಲೇಶ. "ನಾಕಕ್ಕ ಶಿಫ್ಟ್ ಬದಲಾಗ್ತೈತಿ. ಹಂಪವ್ವನ ಕಿಟ್ಲಿ ಮುಂದ ನಿಂತು ನೋಡ್ರಿ, ಇಡೀ ಮಿಲ್ಲು ಅಲ್ಲೇ ಬಾಯಿ ಬಿಡ್ತೈತಿ."

ಹಾಗೆ ಶುರುವಾಯಿತು ನಮ್ಮ ನಾಲ್ಕರ ಮಾತು. ಹೋಗುವ ಶಿಫ್ಟಿನವರು, ಬರುವ ಶಿಫ್ಟಿನವರು ಚಹಾ ಹಿಡಿದು ಕಾಲು ತಾಸು ಸೇರುವುದು. ಒಬ್ಬರು ತಾವು ಮಾಡಿದ ಒಂದು ತಪ್ಪು ಹೇಳಬೇಕು, ಅದರಿಂದ ಏನು ಕಲಿತರೆಂದು ಹೇಳಬೇಕು. ನೇಮ ಒಂದೇ: ಅಲ್ಲಿ ಹೇಳಿದ ತಪ್ಪಿಗೆ ಯಾರೂ ಬೈಯಬಾರದು, ಸಾವುಕಾರರು ಕೂಡ. ನಾನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಳಿದವರ ಹೆಸರಿನಲ್ಲೇ ಮಿಲ್ಲಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ.

ಹೆಸರು ಬಂದದ್ದೇ ತಡ, ಮಂದಿ ಪಾಳಿ ಹಚ್ಚಿದರು. ಚೀಲಗಳನ್ನು ಗೋಡೆಗೆ ಆನಿಸಿಟ್ಟು ಇಲಿಗಳಿಗೆ ತಾನೇ ದಾರಿ ಮಾಡಿಕೊಟ್ಟ ಕಥೆಯನ್ನು ಹಂಪವ್ವ ಹೇಳಿದಳು. ಹೊಸದಾಗಿ ಸೇರಿದವನು ಗ್ರೂಪಿನಲ್ಲಿದ್ದ ಮಾತು ಕೇಳಿಕೊಂಡೇ ಡ್ರೈಯರ್ ಓಡಿಸಿದ. ವಿರುಪಣ್ಣನವರೂ ಒಂದು ದಿನ ಬಂದು, ಗೆಳೆಯನ ಮಾತು ನಂಬಿ ಹಸಿ ಭತ್ತ ಕೊಂಡ ಸುದ್ದಿ ಹೇಳಿ ಕಿವಿ ಕೆಂಪು ಮಾಡಿಕೊಂಡು ಹೋದರು. ಬಾಲಪ್ಪನೂ ಬಾಯಿಬಿಟ್ಟ. ಎಲ್ಲರೂ ನನ್ನನ್ನು ಹೊಗಳಿದರು. ಖುಷಿಯಾಗಬೇಕಿತ್ತು, ಆಗಲಿಲ್ಲ.

ನನ್ನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನಗೆ ಮದುವೆಯಾಗಿತ್ತು. ಗೋವಿಂದರಾಜ ಅಂತ, ಒಳ್ಳೆಯ ನೌಕರಿ, ಒಳ್ಳೆಯ ಮನೆತನ. ಒಂದು ದಿನದಿಂದ ಅವನು ಮಾತು ಬಿಟ್ಟ. ಜಗಳವಿಲ್ಲ, ಬೈಗುಳವಿಲ್ಲ, ಮಾತೇ ಇಲ್ಲ. ತಿಂಗಳುಗಟ್ಟಲೆ ಹಾಗೇ ಇದ್ದು, ಆಮೇಲೆ ವಕೀಲರ ಕಾಗದ ಕಳಿಸಿದ. ಕೋರ್ಟಿನಲ್ಲಿ ಕೇಳಿದೆ, ನನ್ನ ತಪ್ಪೇನು ಹೇಳು ಅಂತ. ಅವನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

ಅವತ್ತಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಅಳು ಬರಲಿಲ್ಲ, ಹಸಿವೂ ಇಲ್ಲ. ಅವ್ವ ಒಮ್ಮೆ ಪರೀಕ್ಷೆ ಮಾಡಲೆಂದೇ ಉಪ್ಪಿಲ್ಲದ ಸಾರು ಬಡಿಸಿದಳು. ಉಂಡು ತಟ್ಟೆ ತೊಳೆದಿಟ್ಟೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪಾಪ ಅನ್ನಿಸಬೇಕಿತ್ತು. ಅದೂ ಅನ್ನಿಸಲಿಲ್ಲ.

ಮಿಲ್ಲಿನ ಕೆಲಸದಲ್ಲಿ ಕಡೆಗೆ ಒಂದೇ ಒಂದು ವಿಷಯ ಉಳಿಯಿತು. ಕುಸುಬಲಕ್ಕಿ ಮಾಡಲು ಭತ್ತವನ್ನು ಬಿಸಿನೀರಿನ ಟ್ಯಾಂಕಿನಲ್ಲಿ ನೆನೆಸುತ್ತಾರೆ. ಮಳೆಯಲ್ಲಿ ತೊಯ್ದ ಭತ್ತ ಬಂದರೆ ಆ ನೀರನ್ನು ಯಾವಾಗ ಬಿಡಬೇಕು? ಬೇಗ ಬಿಟ್ಟರೆ ಅಕ್ಕಿ ನುಚ್ಚಾಗುತ್ತದೆ, ತಡವಾದರೆ ಭತ್ತ ಒಡೆದು ಹುಳಿಯುತ್ತದೆ. ಇಬ್ರಾಹಿಂಸಾಬರು ಅದನ್ನು ಹಾಲೇಶನೊಬ್ಬನಿಗೇ ಕಲಿಸಿ ಹೋಗಿದ್ದರು.

"ಅದು ವಾಸನಿ ಮ್ಯಾಲ ಐತ್ರಿ" ಎಂದ ಹಾಲೇಶ. ಟ್ಯಾಂಕಿಗೆ ಕೈ ಹಾಕಿ ಒಂದು ಬೊಗಸೆ ಭತ್ತ ತೆಗೆದು ನನ್ನ ಅಂಗೈಗೆ ಸುರಿದ. ಬೆಚ್ಚಗಿನ ನೀರು ಬಳೆ ದಾಟಿ ಮೊಳಕೈತನಕ ಇಳಿಯಿತು. "ಮೂಸ್ರಿ. ಹಸಿ ಶೇಂಗಾ ಕುದಿಸಿದಂಗ ಬರ್ತೈತಿ."

ಮೂಸಿದೆ. "ಏನೂ ಇಲ್ಲ."

"ಕಣ್ಣು ಮುಚ್ಚಿ ಮೂಸ್ರಿ."

ಮುಚ್ಚಿದೆ. "ಇಲ್ಲ."

"ಹಂಗಾರ ನಾಳೆ ನೋಡೂಣು. ನಿಮಗ ತಿಳಿಯೂತನಾ ಇದು ಪೂರಾ ಆಗಂಗಿಲ್ರಿ."

ನಾಳೆಯೂ ಹಾಗೇ, ಅದರ ಮರುದಿನವೂ ಹಾಗೇ. ಅವನ ಹುಬ್ಬಿನ ಮೇಲೆ ಯಾವಾಗಲೂ ತೌಡಿನ ಧೂಳು ಕೂತಿರುತ್ತಿತ್ತು. ನಾನು ಮೂಸಿ ಕಣ್ಣು ತೆರೆದಾಗೆಲ್ಲ ಅವನು ಭತ್ತ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ಟ್ಯಾಂಕಿನ ಮೀಟರು ತಟ್ಟಿ, "ಈ ಮೀಟರಿಗೇನಾಗೈತಿ?" ಅನ್ನುತ್ತಿದ್ದ. ಮೀಟರಿಗೆ ಏನೂ ಆಗಿರಲಿಲ್ಲ.

"ಒಮ್ಮೆರ ನಗ್ರಿ ಮೇಡಮ್ಮರ" ಎಂದ ಒಂದು ದಿನ. "ನಕ್ರ ಮೂಗು ತೆರಿತೈತಂತ."

"ಯಾರು ಹೇಳಿದ್ರು?"

"ನಾನ ಹೇಳಾಕತ್ತೀನಲ್ರಿ."

ಎಲ್ಲ ನೋಡುತ್ತಿದ್ದೆ, ಎಲ್ಲ ಕೇಳುತ್ತಿದ್ದೆ. ಒಳಗೆ ಏನೂ ಅಲುಗುತ್ತಿರಲಿಲ್ಲ. ಆದರೆ ಒಂದು ಹೆದರಿಕೆ ಮಾತ್ರ ಸಣ್ಣಗೆ ಶುರುವಾಗಿತ್ತು. ಹಾಲೇಶನಿಗೆ ಅಷ್ಟು ಸಲೀಸಾಗಿ ತಿಳಿಯುವ ವಾಸನೆ ನನಗೆ ತಿಳಿಯುವುದೇ ಇಲ್ಲವೆಂದರೆ ಏನರ್ಥ? ಗಂಗಾವತಿಯಲ್ಲಿ ಹಿಡಿದಿದ್ದ ರೂಮಿಗೆ ಹೋಗಿ ಬೆಳ್ಳುಳ್ಳಿ ಜಜ್ಜಿ ಮೂಸುತ್ತಿದ್ದೆ, ಸೋಪು ಮೂಸುತ್ತಿದ್ದೆ. ಎಲ್ಲೋ ದೂರದಲ್ಲಿ ಇದ್ದಂತೆ ಅನ್ನಿಸುತ್ತಿತ್ತು. ಗೋವಿಂದರಾಜ ಹೋಗುವಾಗ ಇದನ್ನೂ ಒಯ್ದನೇನೋ, ಇನ್ನು ನಾನು ಹೀಗೇ ಏನೋ ಅಂತ ಗೋಡೆ ನೋಡುತ್ತಾ ಕೂರುತ್ತಿದ್ದೆ.

ಕಡೆಗೆ ಸಾಕಾಯಿತು. ಹಾಲೇಶ ಹೇಳಿದ್ದನ್ನೇ ನನ್ನ ದನಿಯಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದೆ: ಶೇಂಗಾ ಕುದಿಸಿದ ವಾಸನೆ ಬಂದಾಗ ನೀರು ಬಿಡಬೇಕು. ಅವನು ಅದನ್ನು ಕೇಳಿ ಏನೋ ಹೇಳಲು ಬಂದ. ಬಾಯಿ ತೆರೆದು, ತಲೆ ಕೆರೆದುಕೊಂಡು ಹೊರಟುಹೋದ.

ಆ ವಾರವೇ ಅವನ ತಂಗಿಯ ನಿಶ್ಚಯ. ಹನುಮಸಾಗರಕ್ಕೆ ಹೋದ. ಅದೇ ದಿನ ಮಳೆಯಲ್ಲಿ ತೊಯ್ದ ಭತ್ತ ಲಾರಿಗಟ್ಟಲೆ ಬಂದಿಳಿಯಿತು. ಬಾಲಪ್ಪ ಟ್ಯಾಂಕು ತುಂಬಿದ. ಹಾಲೇಶನಿಗೆ ಫೋನು ಹಚ್ಚಿದ. ನಿಶ್ಚಯದ ಗದ್ದಲದಲ್ಲಿ ಅವನು ಎತ್ತಲಿಲ್ಲ. ಬಾಲಪ್ಪ ಗ್ರೂಪು ತೆಗೆದು ಕೇಳಿಕೊಂಡ. ಆಮೇಲೆ ಶೇಂಗಾ ವಾಸನೆಗಾಗಿ ಕಾದ. ಕಾದೇ ಕಾದ. ಬಂದದ್ದು ಹುಳಿ ವಾಸನೆ. ಒಂದು ಟ್ಯಾಂಕು ಭತ್ತ ಪೂರಾ ಬಾಯಿ ಒಡೆದು ಕೂತಿತ್ತು.

"ನಾಳಿಂದ ನೀ ಬರಬ್ಯಾಡ" ಎಂದರು ವಿರುಪಣ್ಣ.

"ಗ್ರೂಪಿನ್ಯಾಗ ಹೇಳಿದಂಗ ಮಾಡೀನ್ರೀ ಸಾವ್ಕಾರ್ರ" ಎಂದ ಬಾಲಪ್ಪ. ಅವರನ್ನಲ್ಲ, ನನ್ನನ್ನು ನೋಡಿದ. "ಪೆಟ್ಟಿಗಿ ಮಾತು ನಂಬಿದೆ ಮೇಡಮ್ಮ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ. ಟ್ಯಾಂಕಿನ ಹತ್ತಿರ ಅಷ್ಟು ದಿನ ನಿಂತರೂ ನನಗೇ ತಿಳಿಯದ ವಾಸನೆಯನ್ನು ಅವನ ತಲೆಗೆ ಕಟ್ಟಿದ್ದೆ. "ತಪ್ಪು ನಂದ್ರಿ, ನನ್ನ ಕಳಸ್ರಿ, ಬಾಲಪ್ಪ ಇರ್ಲಿ" ಎಂದೆ. ವಿರುಪಣ್ಣ, "ಇಬ್ಬರದೂ ನಾಳೆ ನೋಡೂಣು" ಎಂದು ಒಳಗೆ ಹೋದರು.

ಮರುದಿನ ನಾಲ್ಕಕ್ಕೆ ಯಾರೂ ಬಾಯಿ ಬಿಡಲಿಲ್ಲ. ಚಹಾ ಎಲ್ಲರ ಕೈಯಲ್ಲೂ ಹಾಗೇ ಇತ್ತು, ಬಂದು ನಿಂತಿದ್ದ ವಿರುಪಣ್ಣನವರ ಕೈಯಲ್ಲೂ. ಬಾಲಪ್ಪ ಗೇಟಿನ ಆಚೆ ಬುತ್ತಿಚೀಲ ಹಿಡಿದು ನಿಂತಿದ್ದ. ಒಬ್ಬ ಮನುಷ್ಯನ ಕೆಲಸ ಹೋದರೆ ನಮ್ಮ ನಾಲ್ಕರ ಮಾತೂ ಹೋದಂತೆ. ಇನ್ನು ಇಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು.

ಫೋನಿನಲ್ಲಿ ಸುದ್ದಿ ಕೇಳಿದ ಹಾಲೇಶ ಊರಿನ ಬಸ್ಸಿಳಿದು ಸೀದಾ ಬಂದ. ಹಣೆಯ ಮೇಲೆ ನಿಶ್ಚಯದ ಕುಂಕುಮ ಇನ್ನೂ ಇತ್ತು. ಬಾಲಪ್ಪನ ತೋಳು ಹಿಡಿದು ಒಳಗೆ ಕರೆತಂದ.

"ಇವತ್ತು ತಪ್ಪು ನಂದ್ರಿ" ಎಂದ. "ಮೇಡಮ್ಮರ, ರೆಕಾರ್ಡ್ ಹಚ್ಚರಿ."

ಹಚ್ಚಿದೆ.

"ವಾಸನಿ-ಗೀಸನಿ ಏನೂ ಇಲ್ಲ. ಟ್ಯಾಂಕಿನ್ಯಾಗಿನ ಭತ್ತ ಸುಲಿದು, ಅಕ್ಕಿ ಅಡ್ಡ ಕೊಯ್ದು ನೋಡಬೇಕು. ನಡುವ ಬಿಳಿ ಚುಕ್ಕಿ ಗಸಗಸಿಯಷ್ಟ ಉಳಿದಿದ್ರ ನೀರು ಬಿಡಬೇಕು. ಮಳಿ ಕಂಡ ಭತ್ತಕ್ಕ ಆ ಹೊತ್ತು ಲಗೂನ ಬರ್ತೈತಿ. ಇಷ್ಟ. ಇಬ್ರಾಹಿಂಸಾಬ್ರು ಇಷ್ಟ ಕಲಿಸ್ಯಾರ. ಎರಡು ಮಾತಿನ್ಯಾಗ ಮುಗಿಯೂದು, ನಾ ಹೇಳಲಿಲ್ಲ."

"ಯಾಕ ಹೇಳಲಿಲ್ಲೋ?" ಎಂದರು ವಿರುಪಣ್ಣ.

ಅವನು ನನ್ನನ್ನೊಮ್ಮೆ ನೋಡಿ ಸಾವುಕಾರರ ಕಡೆ ತಿರುಗಿದ. "ಇದೊಂದು ಹೇಳಿದ್ರ ಮೇಡಮ್ಮರ ಕೆಲಸ ಮುಗಿತೈತಿ, ಕೊಪ್ಪಳಕ್ಕ ಹೋಗ್ತಾರ. ಹೋಗೂದು ಬ್ಯಾಡಾಗಿತ್ತು ನನಗ. ಅದಕ್ಕ ವಾಸನಿ ಅಂತ ಸುಳ್ಳು ಹೇಳಿದೆ. ಇವರಂದ್ರ ನನಗ ಜೀವ. ನನ್ನ ಜೀವದ ಸಲುವಾಗಿ ಬಾಲಪ್ಪನ ಅನ್ನ ಕಳೆಯಾಕ ಹೋಗಿದ್ದೆ."

"ಅಯ್ಯ ಶಿವನ!" ಎಂದಳು ಹಂಪವ್ವ.

ವಿರುಪಣ್ಣನವರ ಮುಖ ಕೆಂಪಾಯಿತು. ಅವರ ಬಾಯಿಗೆ ಬಂದದ್ದೇನೆಂದು ಎಲ್ಲರಿಗೂ ಗೊತ್ತಿತ್ತು. ಹಂಪವ್ವನೇ ಕಿಟ್ಲಿ ಅಡ್ಡ ಹಿಡಿದು, "ಬೈಯಂಗಿಲ್ರೀ ಸಾವ್ಕಾರ್ರ, ನೇಮ ಐತಿ" ಎಂದಳು. ಅವರು ಬಂದ ಮಾತನ್ನು ಚಹಾದ ಜೊತೆ ನುಂಗಿದರು. ಆಮೇಲೆ, "ಬಾಲಪ್ಪಾ, ಹೋಗಿ ಟ್ಯಾಂಕು ತೊಳಿ. ಏನ್ ನಿಂತೀ?" ಎಂದು ಗದರಿದರು. ಬಾಲಪ್ಪ ಬುತ್ತಿಚೀಲ ಅಲ್ಲೇ ಬಿಟ್ಟು ಓಡಿದ.

ನಾನು ಫೋನು ಹಿಡಿದೇ ನಿಂತಿದ್ದೆ. ಪಾದ ಬಿಸಿಯಾಗುತ್ತಿತ್ತು. ಆಮೇಲೆ ಎದೆ, ಆಮೇಲೆ ಕಿವಿ. ಏನಿದು ಅಂತ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಸಿಟ್ಟು. ಇದನ್ನು ನೋಡಿ ಎಷ್ಟು ದಿನವಾಗಿತ್ತು!

"ನೇಮ ಕಾಲು ತಾಸಿಂದು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಅದು ಮುಗೀತು. ಹೊರಗ ಬರ್ರಿ ಹಾಲೇಶ, ಬೈಯೋದೈತಿ."

ಭತ್ತ ಒಣಹಾಕಿದ್ದ ಕಣದ ಅಂಚಿಗೆ ನಿಂತು ಬೈದೆ. "ನಾ ಸತ್ತೀನಿ ಅಂತ ತಿಳಕೊಂಡಿದ್ದೆ, ಗೊತ್ತೈತೇನು? ಬೆಳ್ಳುಳ್ಳಿ ಜಜ್ಜಿ ಜಜ್ಜಿ ಮೂಸಿದೆ! ಮೂಗು ಸತ್ತೈತಿ, ಮೈ ಸತ್ತೈತಿ ಅಂತ! ಇರಲಾರದ ವಾಸನಿ ಹುಡುಕಾಕ ಹಚ್ಚಿ ನೀವು ಮೀಟರು ತಟ್ಟಿಕೋಂತ ನಿಂತಿದ್ರಿ! ಒಬ್ಬಾವ ಏನೂ ಹೇಳದ ಹ್ವಾದ. ನೀವೂ ಹೇಳಲಿಲ್ಲ. ಹೇಳಾಕ ಏನಾಗಿತ್ತು ನಿಮಗೆಲ್ಲಾ? ಬಾಯಿ ಇರ್ಲಿಲ್ಲ?"

ಬೈಯುತ್ತಾ ಬೈಯುತ್ತಾ ಅಳು ಬಂತು. ಬೇಕಾದಷ್ಟು ಬಂತು. ಅವನು ಸಮಾಧಾನ ಮಾಡಲು ಬರಲಿಲ್ಲ, ಕೈ ಕಟ್ಟಿ ನಿಂತು ಪೂರಾ ಬೈಸಿಕೊಂಡ. ಮೂಗು ಒರೆಸಿಕೊಂಡಾಗ, ಸುತ್ತ ಹರಡಿದ್ದ ಕುಸುಬಲ ಭತ್ತದ ಬಿಸಿ ವಾಸನೆ ಒಮ್ಮೆಲೆ ಒಳಗೆ ಬಂತು. ದಿನಾ ಇಲ್ಲೇ ಇದ್ದ ವಾಸನೆ.

"ನಾ ಹೇಳಿದೆನಲ್ರಿ" ಎಂದ ಮೆಲ್ಲಗೆ. "ತಡಾ ಆತು. ಆದ್ರ ಎಲ್ಲಾರ ಮುಂದ ಹೇಳೀನಿ. ಇನ್ನ ನೀವ ಹೇಳಬೇಕು."

"ನನಗಿನ್ನೂ ಏನೂ ಗೊತ್ತಿಲ್ಲ. ಈಗ ಸಿಟ್ಟಷ್ಟ ಬಂದೈತಿ."

"ಸಿಟ್ಟರ ಬಂತಲ್ರಿ!" ಎಂದ. ಹುಬ್ಬಿನ ಮೇಲೆ ಇವತ್ತು ತೌಡು ಇರಲಿಲ್ಲ. ಆ ಮುಖ ಹೊಸದಾಗಿ ಕಂಡಿತು.

ಹಂಪವ್ವ ಎರಡು ಲೋಟ ಚಹಾ ತಂದು, ನಮ್ಮಿಬ್ಬರನ್ನೂ ಬೇಕೆಂದೇ ನೋಡದೆ, ಕಟ್ಟೆಯ ಮೇಲಿಟ್ಟು ಹೋದಳು. ನಾನು ಒಂದು ಲೋಟ ಎತ್ತಿ ಬಾಯಿಗಿಟ್ಟೆ.

"ಯವ್ವಾ, ಸುಡ್ತೈತಿ!"

ಅವನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಆಮೇಲೆ ಹೆದರಿ ಹೆದರಿ ಕೇಳಿದ, "ಕೆಲಸ ಮುಗೀತು. ನಾಳೆ ಬರಂಗಿಲ್ಲೇನ್ರಿ ನೀವು?"

"ಬರ್ತೀನಿ" ಎಂದೆ. "ಬೈಯೋದು ಇನ್ನೂ ಭಾಳ ಉಳದೈತಿ."