ಎಡಗಡೆ ಎರಡು ಬೆರಳು

ಇದು ೧೯೮೮ರ ಏಪ್ರಿಲ್‌ನಲ್ಲಿ ನಡೆದದ್ದು. ಹೆಂಡತಿ ವಿಶಾಲಾಕ್ಷಿಗೆ ದಿನ ತುಂಬುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದೀತೆಂದು, ಹಿಂಬಾಗಿಲು ಮೇಲಕ್ಕೆ ತೆರೆಯುವ ಹಳೆಯ ಪುಟ್ಟ ಕಾರೊಂದನ್ನು ಕೊಂಡೆ. ಆರ್.ಟಿ. ನಗರದ ಮೆಕ್ಯಾನಿಕ್ ತಾಜುದ್ದೀನ್ ಕಾರ್ಬ್ಯುರೇಟರ್ ತೊಳೆದರು, ಸೋರುತ್ತಿದ್ದ ರೇಡಿಯೇಟರ್‌ಗೆ ಬೆಸುಗೆ ಹಾಕಿಸಿದರು. ಎಡಕ್ಕೆ ವಾಲಿದ ಹಿಂಭಾಗ ಮಾತ್ರ ಸರಿಹೋಗಲಿಲ್ಲ.

ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ಅಳೆಯುವುದು ಅವರ ಪದ್ಧತಿ. ಬಲಗಡೆ ನಾಲ್ಕು ಬೆರಳು ಹಿಡಿಸಿದರೆ ಎಡಗಡೆ ಎರಡೇ. ಎರಡು ಸಲ ಸ್ಪ್ರಿಂಗ್ ಬದಲಾಯಿಸಿದರೂ ಅಷ್ಟೇ. ಸುಡುವ ಮಧ್ಯಾಹ್ನದಲ್ಲೂ ಹಿಂದಿನ ಸೀಟಿನ ಎಡಭಾಗ ನೀರಿನ ಹೂಜಿಯಂತೆ ತಣ್ಣಗಿರುತ್ತಿತ್ತು.

"ಸ್ಪ್ರಿಂಗ್ ಹೊಸಾದು ಸಾರ್," ತಾಜುದ್ದೀನ್ ನಕ್ಕರು. "ಕೂತಿರೋರಿಗೆ ಇಳೀರಿ ಅಂತ ಹೇಳ್ಬೇಕು, ಅಷ್ಟೇ."

ನೋವು ಕಾಣಿಸಿಕೊಂಡ ದಿನ ಕಾರು ಒಮ್ಮೆಯೂ ನಿಲ್ಲದೆ ಓಡಿತು. ಹಿಂದೆ ಬಲಕ್ಕೆ ಕುಳಿತಿದ್ದ ವಿಶಾಲು ನರಳುತ್ತಲೇ, "ಯಾಕ್ರೀ ಪಕ್ಕದಲ್ಲಿ ಇಷ್ಟು ಚಳಿ?" ಎಂದಳು.

ಹನ್ನೊಂದನೆಯ ದಿನ ಮಗುವನ್ನು ಅದೇ ಕಾರಿನಲ್ಲಿ ಮನೆಗೆ ಕರೆತಂದೆವು. ನೋಡಲು ಬಂದ ತಾಜುದ್ದೀನ್, ಅಭ್ಯಾಸಬಲದಿಂದ ಕಾರಿನ ಬಳಿ ಕುಕ್ಕರಗಾಲಲ್ಲಿ ಕುಳಿತು ಬೆರಳಿಟ್ಟರು.

"ಎರಡೂ ಕಡೆ ನಾಲ್ಕು ಸಾರ್! ಯಾರಿದ್ರೋ, ಇಳ್ದುಬಿಟ್ರು ನೋಡಿ!"

ನಾನೂ ನಕ್ಕು ಒಳಗೆ ಬಂದೆ. ವಿಶಾಲು ತೊಡೆಯ ಮೇಲೆ ಮಗುವನ್ನು ತಟ್ಟುತ್ತಿದ್ದಳು.

"ಪಾಪು ಮಲಗ್ತು, ತೊಟ್ಟಿಲಿಗೆ ಹಾಕ್ಲೇನ್ರೀ?"

ಖಾಲಿ ತೊಟ್ಟಿಲು ಎಡಕ್ಕೆ ವಾಲಿತ್ತು. ಬೆಳಿಗ್ಗೆ ನಾನೇ ಅಳೆದು ಕಟ್ಟಿದ್ದ ನಾಲ್ಕು ಸರಪಳಿಗಳೂ ಒಂದೇ ಉದ್ದದವು. ಕೈ ಇಟ್ಟು ನೋಡಿದೆ. ಎಡ ಅಂಚು ಸರಿಯಾಗಿ ಎರಡು ಬೆರಳು ಕೆಳಗಿತ್ತು. ಹಾಸಿಗೆ ತಣ್ಣಗಿತ್ತು.