ಏಳು ಹಾಲಿಗೆ ಏಳು ಕಲ್ದಾರ

1937ರ ಡಿಸೆಂಬರ್ 14, ಬೆಳಿಗ್ಗೆ ಹತ್ತು ಗಂಟೆ. ವಾಡಿ ಠಾಣೆಗೆ ನಾಗೇಂದ್ರಪ್ಪ ದೂರು ತಂದರು. ಮೂವತ್ತು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತರಾದವರು. ಬ್ರಿಟಿಷರ ಕಲ್ದಾರ, ನಿಜಾಮರ ಹಾಲಿ ಎರಡೂ ನಾಣ್ಯ ಬಂದು ಬೀಳುವ ಆ ಕಿಟಕಿಯಲ್ಲಿ ಒಂದು ಪೈ ತಪ್ಪದವರು. ಮನೆಯ ಪೆಟ್ಟಿಗೆಯಿಂದ ಇನ್ನೂರ ನಲವತ್ತು ಕಲ್ದಾರ ರೂಪಾಯಿ ಕಳುವಾಗಿದೆ ಎಂದರು.

ಠಾಣೆಯ ಮುಖ್ಯಸ್ಥ, ಅಮೀನ ಜಹಾಂಗೀರ ಎಫ್‌ಐಆರ್ ಬರೆದು, ಜವಾನ ಖಂಡೆಪ್ಪನೊಂದಿಗೆ ಹೋಗಿ ಪಂಚನಾಮೆ ಮಾಡಿದ. ಬೀಗ ಒಡೆದಿರಲಿಲ್ಲ. ಕೀಲಿ ಮುದುಕರ ಉಡದಾರದಲ್ಲಿರುತ್ತಿತ್ತು. ಸ್ನಾನಕ್ಕೆ ಕೂತಾಗ ಮಾತ್ರ ಬಿಚ್ಚಿಡುತ್ತಿದ್ದರು. ನೀರು ಹಾಕುವವನು ಮಗ ಅಂಬಾರಾಯ. ಅಪ್ಪನ ಕಿಟಕಿಯಲ್ಲೇ ಅವನಿಗೀಗ ನೌಕರಿ.

ಮಗ ಎಲ್ಲಾದರೂ ಖರ್ಚು ಮಾಡಿದ್ದಾನೆಯೇ ಎಂದು ಬಜಾರದಲ್ಲಿ ವಿಚಾರಿಸಲು ಹೋದ ಖಂಡೆಪ್ಪ ಬೇರೆಯೇ ಸುದ್ದಿ ತಂದ. ಆರು ಕಲ್ದಾರಕ್ಕೆ ಏಳು ಹಾಲಿ, ಇದು ಊರಿನ ಮಕ್ಕಳಿಗೂ ಗೊತ್ತು. ಎರಡು ವರ್ಷದಿಂದ ಮುದುಕರು ಏಳು ಹಾಲಿಯ ಸಾಮಾನಿಗೆ ಏಳು ಕಲ್ದಾರ ಎಣಿಸುತ್ತಿದ್ದರು. ಒಮ್ಮೊಮ್ಮೆ ಬೆಳಿಗ್ಗೆ ಕಟ್ಟಿದ ಬಾಕಿಯನ್ನೇ ಸಂಜೆ ಬಂದು ಮತ್ತೆ ಕಟ್ಟುತ್ತಿದ್ದರು. ಅಂಗಡಿಯವರು ತುಟಿಪಿಟಕ್ಕೆನ್ನದೆ ಇಸಿದುಕೊಂಡು, ದೇವರಂಥ ಮನುಷ್ಯ ಅಂತ ಹೊಗಳುತ್ತಿದ್ದರು ಬೇರೆ. ಹಾಳಾದವರು! ಆದರೆ ತಾವೇ ಕೈಯಾರೆ ಕೊಟ್ಟದ್ದಕ್ಕೆ ಕಾನೂನಿನಲ್ಲಿ ಯಾವ ಕಲಮೂ ಇಲ್ಲ.

ಮರುದಿನ ಮಧ್ಯಾಹ್ನ ಅಮೀನ ಅಂಬಾರಾಯನನ್ನು ಕರೆಸಿದ.

"ರೊಕ್ಕ ಎಲ್ಲದ?"

"ಶಹಾಬಾದದಾಗ, ಅಕ್ಕನ ಬಲ್ಲಿ ಅದರಿ. ಒಂದೂ ಖರ್ಚಾಗಿಲ್ಲ."

"ಲೆಕ್ಕ ತಪ್ಪಲಿಕತ್ತದಂತ ಅಪ್ಪಗ ಯಾಕ ಹೇಳಲಿಲ್ಲ?"

"ಹೆಂಗ ಹೇಳಲಿರಿ? ರೊಕ್ಕ ಎಣಸೂದು ನನಗ ಕಲಿಸಿದವ್ರೇ ಅವ್ರು. ಕಳ್ಳ ಅಂತ ಬರಕೋರಿ ಸಾಹೇಬ್ರ, ಅವ್ರಿಗಿ ಮಾತ್ರ ಹೇಳಬ್ಯಾಡ್ರಿ."

ನೌಕರಿ ಹೋಗುತ್ತದೆ ಎಂದು ಜಹಾಂಗೀರ ಎಚ್ಚರಿಸಿದ. ಗೊತ್ತು ಎಂದ ಅಂಬಾರಾಯ. ಮನಸ್ಸು ತಡೆಯದೆ ಅಮೀನ ತಾನೇ ಮುದುಕರ ಮನೆಗೆ ಹೋಗಿ, ಏಳು ಹಾಲಿಗೆ ಎಷ್ಟು ಕಲ್ದಾರ ಎಂದು ಕೇಳಿದ. ಇದೆಂಥ ಪ್ರಶ್ನೆ ಎಂದು ನಕ್ಕು, ಏಳು ಎಂದರು ನಾಗೇಂದ್ರಪ್ಪ. ಅಮೀನ ಅಷ್ಟಕ್ಕೇ ಎದ್ದು ಬಂದ.

ಡಿಸೆಂಬರ್ 16ರಂದು ರೊಕ್ಕ ಜಪ್ತಿಯಾಗಿ ಬಂತು, ಅಂಬಾರಾಯನ ಬಂಧನವಾಯಿತು. ಸುಳ್ಳೆಂದು ತಿಳಿದೂ, ಆರೋಪಿ ಕೇಳಿಕೊಂಡಂತೆ, ಕಾರಣ ದುರಾಸೆ ಎಂದು ಜಹಾಂಗೀರ ಬರೆದ. ದೂರುದಾರರಿಗೆ ಓದಿಯೂ ಹೇಳಿದ.

ನಾಗೇಂದ್ರಪ್ಪ ಮಗನನ್ನೇ ನೋಡಿದರು. "ಕೇಳಿದ್ರ ನಾ ಕೊಡತಿದ್ದಿಲ್ಲೇನೋ, ತಮ್ಮಾ?"

"ತಪ್ಪಾತ್ರಿ" ಎಂದ ಅಂಬಾರಾಯ, ತಲೆ ಎತ್ತದೆ.

ಮುಚ್ಚಳಿಕೆ ಬರೆಸಿಕೊಂಡು ಅಮೀನ ಇನ್ನೂರ ನಲವತ್ತನ್ನೂ ಮುದುಕರಿಗೇ ಒಪ್ಪಿಸಬೇಕಾಯಿತು. ಅವರು ಗಂಟು ಕಟ್ಟಿಕೊಂಡು, ಅಂಗಡಿಯ ಬಾಕಿ ಉಳಿದಿದೆ ಎನ್ನುತ್ತ ಬಜಾರದ ಕಡೆ ನಡೆದರು.