ಟ್ರಂಕಿನ ಬಾಜು ಉಳ್ಳಾಗಡ್ಡಿ

ಗುರುವಾರ ಬೆಳಗ್ಗೆ 7.20. ಪಿಎಸ್‌ಐ ಮಹಾನಂದಾ ಜೀಪಿನಿಂದ ಇಳಿಯುವುದರೊಳಗೆ ಸಂಶಿಯ ಹನುಮೇಶ ಠಾಣೆಯ ಕಟ್ಟೆಯಿಂದ ಎದ್ದು ಓಡಿಬಂದ.

“ಹೆಂಡ್ತಿ ಸ್ಕ್ಯಾನಿನ ಚೀಲ ಕಳುವಾಗೇದ್ರಿ ಮೇಡಂ. ನಾಳೆ ಮುಂಜಾನಿ ಹುಬ್ಬಳ್ಳ್ಯಾಗ ಆಪರೇಶನ್. ಆ ಡಾಕ್ಟರ್ ಬರೂದ ತಿಂಗಳಿಗೊಮ್ಮೆ. ಫಿಲ್ಮ್ ಇಲ್ಲದ ಕೈ ಹಚ್ಚೂದಿಲ್ಲಂತ.”

ಎಫ್‌ಐಆರ್ ದಾಖಲಿಸಿ ಮಹಾನಂದಾ ಆಸ್ಪತ್ರೆಗೆ ಫೋನ್ ಮಾಡಿದಳು. ಹನುಮೇಶನ ಹೆಂಡತಿ ಸುವರ್ಣಾಳ ಶ್ವಾಸಕೋಶದಲ್ಲಿ ರಕ್ತನಾಳಗಳು ಅಡ್ಡದಾರಿಯಲ್ಲಿ ಕೂಡಿ ಗಂಟಾಗಿದ್ದವು. ತಂತಿಯ ಸುರುಳಿ ತೂರಿಸಿ ಮುಚ್ಚಬೇಕು. ಸುರುಳಿ ಜಾರಿದರೆ, ಗಾಳಿಯ ಗುಳ್ಳೆ ಹೊಕ್ಕರೆ ಮಿದುಳಿಗೆ ಪೆಟ್ಟು, ಮಾತೇ ಹೋದೀತು.

“ಹಂಗ ಬಿಟ್ರ?” ಎಂದು ಡಾಕ್ಟರನ್ನು ಕೇಳಿದಳು.

“ಅದ ಅಪಾಯ ದಿನಾ ಇರ್ತದ್ರಿ.”

9.10ಕ್ಕೆ ಹನುಮೇಶನ ಮನೆಯಲ್ಲಿ ಪಂಚನಾಮೆ. ಚೀಲ ಇಟ್ಟಿದ್ದ ಟ್ರಂಕಿನ ಕೀಲಿ ಮುರಿದಿರಲಿಲ್ಲ. ನೆಲದ ಮೇಲೆ ಏಳು ಹನಿ ರಕ್ತ, ಬಾಜುವಿನಲ್ಲಿ ಜಜ್ಜಿದ ಉಳ್ಳಾಗಡ್ಡಿ.

“ಕಳ್ಳ ನಾಷ್ಟಾ ಮಾಡ್ಯಾನ್ರಿ ಮೇಡಂ, ರೊಟ್ಟಿ ಮರತ ಬಂದಿದ್ದ ನೋಡ್ರಿ,” ಎಂದ ಕಾನ್‌ಸ್ಟೇಬಲ್ ಜಾಕೀರ್.

“ಸುಮ್ನ ಬರಿಯೋ.” ಗೋಡೆಗೊರಗಿ ಏದುಸಿರು ಬಿಡುತ್ತಿದ್ದ ಸುವರ್ಣಾಳ ಕಡೆ ತಿರುಗಿದಳು. “ರಕ್ತ ನಿಂದೇನವಾ?”

“ಅಲ್ರಿ. ಮೂಗಿನಾಗ ನನಗೂ ಸುರೀತದ, ನಮ್ಮ ಮನಿತನದ್ದ ಉಷ್ಣದ ಮೈ. ಆದ್ರ ನಾ ತಣ್ಣೀರ ಹಾಕ್ಕೋತೀನಿ. ಉಳ್ಳಾಗಡ್ಡಿ ಮೂಸೂದು ನಮ್ಮಪ್ಪ…” ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ಅಪ್ಪ ಹೊಳೆಯಪ್ಪ ಹಿಂದಿನ ದಿನ ಬಂದು ಉಳಿದಿದ್ದ. ಬೆಳಗಿನ ಮೊದಲ ಬಸ್ಸಿಗೇ ತನ್ನೂರು ಯರಗುಪ್ಪಿಗೆ ಹೋಗಿದ್ದ.

ಯರಗುಪ್ಪಿ, 11.40. ಹೊಳೆಯಪ್ಪ ಮೂಗಿಗೆ ಹಸಿ ಅರಿವೆ ಒತ್ತಿಕೊಂಡು ಕುಳಿತಿದ್ದ.

“ಚೀಲ ಎಲ್ಲೈತಿ?”

“ಯಾವ ಚೀಲ?”

“ಉಳ್ಳಾಗಡ್ಡಿ ಅಲ್ಲೇ ಬಿಟ್ಟು ಬಂದೀರಿ, ಕಾಕಾ.”

ಅವನು ಎದ್ದು ಕಣಕಿಯ ಬಣವೆಗೆ ಕೈ ಹಾಕಿದ. ಹೊಸ ಧೋತರದಲ್ಲಿ ಸುತ್ತಿಟ್ಟಿದ್ದ ಚೀಲದೊಳಗೆ ಫಿಲ್ಮು ಒಂದೂ ಮಡಚಿರಲಿಲ್ಲ.

“ತಂಗಿ ದುರ್ಗವ್ವಗೂ ಇದ ಆಪರೇಶನ್ ಆಗಿತ್ರಿ. ಕಾಗದಕ್ಕ ಹೆಬ್ಬಟ್ಟು ಒತ್ತಿದಾಂವ ನಾನ. ಆಮ್ಯಾಲೆ ಹನ್ನೊಂದ ವರ್ಷ ಆಕಿ ಮಾತಿಲ್ಲದ ಕುಂತ್ಲು, ಗಂಜಿ ಕುಡಿಸಿದಾಂವನೂ ನಾನ. ನಾಳೆ ತಪ್ಪಿದ್ರ ನನ್ನ ಮಗಳು ಇನ್ನೊಂದ ತಿಂಗಳರ ಮಾತಾಡ್ತಾಳಲ್ರಿ.”

12.15ಕ್ಕೆ ಬಂಧನ ದಾಖಲಾಯಿತು. ಜಾಕೀರ್ ಚೀಲ ಹೊತ್ತು ಮೋಟರ್‌ಸೈಕಲ್ಲಿನಲ್ಲಿ ಹುಬ್ಬಳ್ಳಿಗೆ ಹೋದ. ಹೊಳೆಯಪ್ಪನ ಮೂಗಿನ ಸಂಗತಿಯನ್ನೂ ಡಾಕ್ಟರಿಗೆ ತಿಳಿಸಿಬಂದ.

ಶುಕ್ರವಾರ 11.05. ಕೋರ್ಟಿನ ಅಂಗಳದಲ್ಲಿ ಮಹಾನಂದಾಳ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ; ಆಪರೇಶನ್ ಮುಗಿದಿತ್ತು. ಅವಳು ಅದನ್ನು ಹೊಳೆಯಪ್ಪನ ಕಿವಿಗೆ ಹಿಡಿದಳು. ಮೊದಲು ಬರೀ ಉಸಿರು. ಅವನು ಜಾಕೀರನ ತೋಳು ಗಟ್ಟಿಯಾಗಿ ಹಿಡಿದುಕೊಂಡ.

“ಅಪ್ಪಾ, ಉಳ್ಳಾಗಡ್ಡಿ ಮೂಸಿದ್ದ ಸಾಕ. ಇದು ಉಷ್ಣ ಅಲ್ಲಂತ, ಮನಿತನದಾಗ ಬರೂ ರಕ್ತನಾಳದ ಬ್ಯಾನಿ ಅಂತ. ನೀನೂ ಸ್ಕ್ಯಾನ್ ಮಾಡಿಸ್ಕೋಬೇಕಂತ.”

“ಏನಂದಿ? ಇನ್ನೊಮ್ಮೆ ಹೇಳಬೇ.”

ಅವನಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಮೂರು ಸಲ ಹೇಳಿಸಿದ.